ಸಂಧಿವಾತವೂ ಸಹಜರಕ್ಷಣೆಯ ಕಾವಲೂ

'ಸಂಧಿ' ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಶಾಲೆಯಲ್ಲಿ ಓದಿ ಹೋದವರಿಗೆಲ್ಲ ವ್ಯಾಕರಣದ ತರಗತಿಯೇ ಮೊದಲು ನೆನಪಾಗುತ್ತದೆ. ಊರು ಎಂಬುದರ ಮುಂದೆ ಅಲ್ಲಿ ಎಂಬುದು ಬಂದಾಗ ಊರಲ್ಲಿ ಎಂದಾಗುವುದು ಲೋಪ. ಮನೆಯಲ್ಲಿ ಎಂಬಲ್ಲಿ ಯಕಾರವು ಹೊಸದಾಗಿ ಬಂದು ಸೇರುವುದು ಆಗಮ. ಮಳೆಗಾಲ ಎಂಬಲ್ಲಿ ಕಕಾರದ ಸ್ಥಾನದಲ್ಲಿ ಗಕಾರ ನಿಲ್ಲುವುದು ಆದೇಶ. ಮೂವತ್ತು ವರ್ಷಗಳಿಂದ ಈ ಪಾಠವನ್ನು ಹೇಳಿಕೊಂಡು ಬಂದ ನಾನು, ಶರೀರದ ಸಂಧಿಗಳಲ್ಲಿಯೂ ಇವೇ ಮೂರು ವ್ಯಾಪಾರಗಳು ನಡೆಯುತ್ತವೆಂಬುದನ್ನು ಅರಿತದ್ದು ಬಹಳ ತಡವಾಗಿ. ವಯಸ್ಸಾದವರ ಮೊಣಕಾಲಿನಲ್ಲಿ ಮೃದ್ವಸ್ಥಿಯು ತೆಳುವಾಗಿ ಕಾಣದಾಗುವುದು ಲೋಪ. ಮೂಳೆಯ ಅಂಚಿನಲ್ಲಿ ಮುಳ್ಳಿನಂತೆ ಹೊಸ ಮೂಳೆ ಚಿಗುರುವುದು ಆಗಮ. ನಯವಾದ ಮೃದ್ವಸ್ಥಿ ಇದ್ದೆಡೆಯಲ್ಲಿ ಒರಟಾದ ನಾರುಮಯ ಅಂಗಾಂಶ ಬಂದು ನಿಲ್ಲುವುದು ಆದೇಶ. ಈ ಮೂರೂ ಕೂಡಿದ ವ್ಯಾಧಿಯನ್ನು ವೈದ್ಯರು ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ. ನಾವು ಅಸ್ಥಿಸಂಧಿವಾತ ಎನ್ನೋಣ.

ಕನ್ನಡ ಪಂಡಿತನಾದವನು ವೈದ್ಯವಿಷಯಕ್ಕೆ ಕೈಹಾಕುವುದು ಉಚಿತವೇ ಎಂದು ಓದುಗರು ಕೇಳಬಹುದು. ಚಿಕಿತ್ಸೆ ಹೇಳುವ ಅಧಿಕಾರ ನನಗಿಲ್ಲ. ಆದರೆ ಈ ವ್ಯಾಧಿಗೆ ನಾವು ಬಳಸುತ್ತಿರುವ ಒಂದು ಪದ ತಪ್ಪು ತಿಳಿವಳಿಕೆಗೆ ಎಡೆಮಾಡಿದೆ. ಆ ತಪ್ಪಿನ ಫಲವನ್ನು ನನ್ನ ಮನೆಯಲ್ಲಿಯೇ ನಾನು ಉಂಡಿದ್ದೇನೆ. ಪದದ ವಿಚಾರವಾದುದರಿಂದ ನಾಲ್ಕು ಮಾತು ಬರೆಯುವ ಸಲುಗೆಯನ್ನು ವಹಿಸಿಕೊಂಡಿದ್ದೇನೆ. ಆ ಪದ 'ಸವೆತ'.

ಹೆಸರಿನ ಕೊನೆಯ ಪ್ರತ್ಯಯ

ನಮ್ಮ ಪ್ರಾಚೀನರು ಈ ಬೇನೆಯನ್ನು ಕಾಣದವರಲ್ಲ. ಚರಕಸಂಹಿತೆಯು ಸಂಧಿಗತವಾದ ವಾತವನ್ನು ವರ್ಣಿಸುವಾಗ, ಗಾಳಿ ತುಂಬಿದ ಚರ್ಮದ ಚೀಲವನ್ನು ಮುಟ್ಟಿದಂತಹ ಊತವನ್ನೂ, ಅಂಗವನ್ನು ಚಾಚುವಾಗ ಮಡಿಸುವಾಗ ಆಗುವ ವೇದನೆಯನ್ನೂ ಹೇಳುತ್ತದೆ. ಸುಶ್ರುತನು ಮೊಣಕಾಲಿನ ಮಧ್ಯದಲ್ಲಿ ನರಿಯ ತಲೆಯಂತೆ ಉಬ್ಬುವ ಒಂದು ಬಾವನ್ನು ಕ್ರೋಷ್ಟುಕಶೀರ್ಷ ಎಂದು ಕರೆದು, ವಾತದೊಡನೆ ರಕ್ತವನ್ನೂ ಅದಕ್ಕೆ ಕಾರಣವಾಗಿ ಹೇಳಿದನು. ಎಣ್ಣೆ ಹಚ್ಚಿದ ಅಚ್ಚಿನ ಮೇಲೆ ಚಕ್ರವು ಸಲೀಸಾಗಿ ತಿರುಗುವಂತೆ ಶ್ಲೇಷ್ಮದಿಂದ ಲೇಪಗೊಂಡ ಸಂಧಿಗಳು ಚಲಿಸುತ್ತವೆಂಬ ಹೋಲಿಕೆಯೂ ಅವನದೇ. ಊತವನ್ನು ಅವರು ಬಿಟ್ಟಿರಲಿಲ್ಲವೆಂಬುದನ್ನು ಗಮನಿಸಬೇಕು.

ಪಾಶ್ಚಾತ್ಯರಲ್ಲಿ ಹೆಸರಿನ ಕೊನೆಯ ಪ್ರತ್ಯಯವನ್ನು ಕುರಿತೇ ವಿವಾದ ನಡೆಯಿತು. ಗ್ರೀಕ್ ಭಾಷೆಯಲ್ಲಿ ಆಸ್ಟಿಯಾನ್ ಎಂದರೆ ಮೂಳೆ, ಆರ್ಥ್ರಾನ್ ಎಂದರೆ ಸಂಧಿ. ಐಟಿಸ್ ಎಂಬ ಪ್ರತ್ಯಯಕ್ಕೆ ಮೂಲದಲ್ಲಿ 'ಅದಕ್ಕೆ ಸಂಬಂಧಿಸಿದ' ಎಂಬಷ್ಟೇ ಅರ್ಥ. ಕಾಲಕ್ರಮದಲ್ಲಿ ವೈದ್ಯರ ಬಾಯಲ್ಲಿ ಅದು 'ಉರಿಯೂತ' ಎಂಬ ಅರ್ಥವನ್ನು ಪಡೆಯಿತು. ಇಪ್ಪತ್ತನೆಯ ಶತಮಾನದ ವೈದ್ಯರಲ್ಲಿ ಅನೇಕರು ಈ ಬೇನೆಯಲ್ಲಿ ಉರಿಯೂತವೇ ಇಲ್ಲವಾದುದರಿಂದ ಐಟಿಸ್ ಸಲ್ಲದು, ಆಸ್ಟಿಯೋ ಆರ್ಥ್ರೋಸಿಸ್ ಎನ್ನಬೇಕೆಂದು ವಾದಿಸಿದರು. ಜರ್ಮನ್ನರು ಇಂದಿಗೂ ಆರ್ಥ್ರೋಸ್ ಎಂದೇ ಕರೆಯುತ್ತಾರೆ. ಆ ವಾದಕ್ಕೆ ಆಧಾರವೂ ಇತ್ತು. ರುಮಟಾಯ್ಡ್ ಸಂಧಿವಾತದಲ್ಲಿ ಕೀಲಿನ ದ್ರವವನ್ನು ತೆಗೆದು ನೋಡಿದರೆ ಬಿಳಿಯ ರಕ್ತಕಣಗಳು ಕಿಕ್ಕಿರಿದಿರುತ್ತವೆ. ಅಸ್ಥಿಸಂಧಿವಾತದಲ್ಲಿ ಒಂದು ಘನ ಮಿಲಿಮೀಟರಿಗೆ ಸಾಮಾನ್ಯವಾಗಿ ೨,೦೦೦ಕ್ಕಿಂತ ಕಡಿಮೆ. ಆದುದರಿಂದ ಅದನ್ನು 'ಉರಿಯೂತವಲ್ಲದ' ಗುಂಪಿಗೆ ಸೇರಿಸಿ, ಹಳೆಯ ಗಾಡಿಯ ಕೀಲಿನಂತೆ ಸವೆದದ್ದು ಎಂದು ತೀರ್ಮಾನಿಸಿದರು. ಆ ತೀರ್ಮಾನವೇ ನಮ್ಮ ಹಳ್ಳಿಗಳವರೆಗೆ ಇಳಿದು 'ಮಂಡಿ ಸವೆದಿದೆ' ಎಂಬ ಮಾತಾಯಿತು.

ನಾನು ಹುಟ್ಟಿ ಬೆಳೆದದ್ದು ಸೀತಾ ಮತ್ತು ಸ್ವರ್ಣಾ ನದಿಗಳ ನಡುವಣ ಬ್ರಹ್ಮಾವರದ ಸೀಮೆಯಲ್ಲಿ. ಮಂಡಿಯ ಮೇಲೆಯೇ ಬದುಕುವ ಊರದು. ಕೆಸರುಗದ್ದೆಯಲ್ಲಿ ಬಾಗಿ ನೇಜಿ ನೆಡುವವರು, ದಿನವಿಡೀ ಕಾಲು ಮಡಿಸಿ ಕುಳಿತು ಬೀಡಿ ಕಟ್ಟುವವರು, ಕೆಂಪುಕಲ್ಲು ಹೊರುವವರು, ಮೀನಿನ ಬುಟ್ಟಿಯನ್ನು ತಲೆಯ ಮೇಲಿಟ್ಟು ಮನೆಮನೆ ಸುತ್ತುವವರು, ಎಲ್ಲರೂ ಮಂಡಿಯನ್ನೇ ನಂಬಿದವರು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಹಾರಾಡಿ ಮತ್ತು ಮಟಪಾಡಿ ಎಂಬ ಎರಡು ನಾಟ್ಯಶೈಲಿಗಳಿಗೆ ಹೆಸರು ಕೊಟ್ಟ ಗ್ರಾಮಗಳೂ ಬ್ರಹ್ಮಾವರದ ಮಗ್ಗುಲಲ್ಲಿಯೇ ಇವೆ. ವೇಷಧಾರಿಯು ಮೊಣಕಾಲನ್ನು ನೆಲಕ್ಕೂರಿ ಚಕ್ರದಂತೆ ಸುತ್ತುವ ಮಂಡಿ ಕುಣಿತವನ್ನು ನೋಡಿ ಬೆಳೆದವರು ನಾವು. ಇಂತಹ ಸೀಮೆಯಲ್ಲಿ ಸವೆತವೆಂಬ ವಿವರಣೆ ಯಾರಿಗೂ ಅಸಂಗತವೆನಿಸಲಿಲ್ಲ. ದುಡಿದವರ ಮಂಡಿ ಸವೆಯದೆ ಇನ್ನೇನಾದೀತು ಎಂದು ಎಲ್ಲರೂ ಒಪ್ಪಿಕೊಂಡರು.

ನನ್ನ ತಾಯಿಯವರೂ ಒಪ್ಪಿಕೊಂಡರು. ಅರುವತ್ತರ ಹೊತ್ತಿಗೆ ಅವರ ಮೊಣಕಾಲು ನೋಯತೊಡಗಿತು. ಚಿತ್ರ ತೆಗೆಸಿದಾಗ 'ಸವೆತ, ವಯಸ್ಸಿನದು' ಎಂಬ ಉತ್ತರ ಬಂದಿತು. ಪದಗಳ ಅರ್ಥವನ್ನು ಬಲ್ಲೆನೆಂಬ ನಾನು ಅವರಿಗೆ ಹೇಳಿದೆ: 'ಅಮ್ಮಾ, ನಡೆದಷ್ಟೂ ಸವೆಯುತ್ತದೆ, ಇನ್ನು ಕುಳಿತಿರಿ.' ಅವರು ಮಗನ ಮಾತನ್ನು ಕೇಳಿ ಕುಳಿತರು. ಎರಡು ಮೂರು ವರ್ಷಗಳಲ್ಲಿ ತೊಡೆಯ ಸ್ನಾಯುಗಳು ಕರಗಿ, ಹಿಡಿದೆತ್ತದೆ ಏಳಲಾರದಂತಾದರು. ದಾಸೋಹದ ಪಂಕ್ತಿಗೆ ಬರುವುದನ್ನು ಬಿಟ್ಟರು. ನೆಲದಲ್ಲಿ ಕೂರಲಾಗದ್ದನ್ನು ನಾಲ್ವರು ನೋಡುವರೆಂಬ ಸಂಕೋಚ. ಅವರು ತೀರಿಕೊಂಡ ಬಳಿಕ, ವೈದ್ಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದಾಗ ಈ ಮಾತು ಬಂದಿತು. 'ಗುರುಗಳೇ, ಅದು ಕೇವಲ ಸವೆತವಲ್ಲ. ನಡೆದಿದ್ದರೆ ಒಳ್ಳೆಯದೇ ಆಗುತ್ತಿತ್ತು' ಎಂದರು. ಅಂದಿನಿಂದ ನಾನು ಕೇಳಿ, ಓದಿ ತಿಳಿದುಕೊಂಡದ್ದರ ಸಾರವೇ ಈ ಲೇಖನ.

ಸವೆತವೆಂಬ ವಾದಕ್ಕೆ ಬಂದ ತೊಡಕುಗಳು

ಗಾಡಿಯ ಅಚ್ಚಿಗೂ ಮನುಷ್ಯನ ಮಂಡಿಗೂ ಇರುವ ಮೊದಲನೆಯ ವ್ಯತ್ಯಾಸವೆಂದರೆ ಮಂಡಿಗೆ ಜೀವವಿದೆ. ಮೃದು ಮತ್ತು ಅಸ್ಥಿ ಎಂಬೆರಡು ಪದಗಳು ಕೂಡಿ ಮೃದ್ವಸ್ಥಿಯಾಗಿದೆ. ಅದರ ತೂಕದಲ್ಲಿ ಬಹುಪಾಲು ನೀರು. ಆ ನೀರನ್ನು ಹಿಡಿದಿಡುವುದು ಅಗ್ರಿಕಾನ್ ಎಂಬ ದೊಡ್ಡ ಅಣು. ಅಗ್ರಿಕಾನನ್ನು ಬಲೆಯಂತೆ ಕಟ್ಟಿ ಹಿಡಿಯುವುದು ಕೊಲಾಜೆನ್ ಎಂಬ ನಾರು. ಈ ಬಲೆಯ ನಡುವೆ ಅಲ್ಲೊಂದು ಇಲ್ಲೊಂದು ಕಾಂಡ್ರೋಸೈಟ್ ಎಂಬ ಜೀವಕೋಶಗಳು ಒಂಟಿ ಬಿಡಾರದಲ್ಲಿರುವಂತೆ ಇರುತ್ತವೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಹೆಜ್ಜೆಯಿಟ್ಟಾಗ ಹಿಂಡಿ, ಎತ್ತಿದಾಗ ಹಿಗ್ಗುವ ಚಲನೆಯಿಂದಲೇ ಅದಕ್ಕೆ ಆಹಾರ ಸೇರುತ್ತದೆ. ಆದುದರಿಂದ ದೀರ್ಘಕಾಲ ಅಲುಗಾಡದೆ ಇರಿಸಿದ ಕೀಲಿನ ಮೃದ್ವಸ್ಥಿಯು ಉಳಿಯುವ ಬದಲು ತೆಳುವಾಗುತ್ತದೆ. ಯಂತ್ರದಲ್ಲಿ ಇಂತಹ ವಿಚಿತ್ರವನ್ನು ಕಾಣಲಾರೆವು.

ಎರಡನೆಯ ತೊಡಕು ಕೈಬೆರಳುಗಳದು. ದೇಹದ ತೂಕ ಹೆಚ್ಚಿದವರಿಗೆ ಮಂಡಿನೋವು ಹೆಚ್ಚೆಂದರೆ ಭಾರದಿಂದ ಎನ್ನಬಹುದು. ಆದರೆ ಅಂಥವರಲ್ಲಿ ಕೈಬೆರಳಿನ ಗಿಣ್ಣುಗಳ ಅಸ್ಥಿಸಂಧಿವಾತವೂ ಹೆಚ್ಚಾಗಿ ಕಾಣುತ್ತದೆ. ಯಾರೂ ಕೈಬೆರಳುಗಳ ಮೇಲೆ ನಡೆಯುವುದಿಲ್ಲ. ಕೊಬ್ಬಿನ ಅಂಗಾಂಶದಿಂದ ಹೊರಡುವ ಉರಿಯೂತಕಾರಕ ದ್ರವ್ಯಗಳು ರಕ್ತದ ಮೂಲಕ ದೂರದ ಸಂಧಿಯನ್ನೂ ಮುಟ್ಟುತ್ತವೆಂದು ಊಹಿಸಲು ಇದು ಕಾರಣವಾಯಿತು. ಮೂರನೆಯ ತೊಡಕು ಕಣ್ಣಿಗೆ ಕಂಡದ್ದು. ಎಂ.ಆರ್.ಐ. ಮತ್ತು ಅಲ್ಟ್ರಾಸೌಂಡ್ ಚಿತ್ರಗಳು ಬಂದ ಮೇಲೆ, ಕೀಲಿನ ಒಳಗೋಡೆಯಾದ ಸೈನೋವಿಯಲ್ ಪೊರೆಯು ಅಸ್ಥಿಸಂಧಿವಾತದ ಅನೇಕ ರೋಗಿಗಳಲ್ಲಿ ದಪ್ಪವಾಗಿ ಊದಿಕೊಂಡಿರುವುದು ತಿಳಿದುಬಂದಿತು. ಆ ಊತ ಹೆಚ್ಚಿದ್ದೆಡೆ ನೋವೂ ಹೆಚ್ಚು, ಕೀಲು ಕೆಡುವ ವೇಗವೂ ಹೆಚ್ಚು. ಹೀಗೆ ಹೊರಗೆ ಹಾಕಿದ್ದ ಐಟಿಸ್ ಪ್ರತ್ಯಯವು ಮತ್ತೆ ಒಳಗೆ ಬಂದಿತು. ನಮ್ಮ 'ಉರಿಯೂತ' ಎಂಬ ಪದದಲ್ಲಿ ಉರಿ, ಊತ ಎರಡೂ ಇವೆ. ಅಸ್ಥಿಸಂಧಿವಾತದ ಉರಿ ಭುಗಿಲೆದ್ದು ಕಾಣುವಂಥದಲ್ಲ, ಬೂದಿ ಮುಚ್ಚಿದ ಕೆಂಡದಂಥದು.

ಹಾಗಾದರೆ ಕ್ರಿಮಿಯಿಲ್ಲದೆ ಗಾಯವಿಲ್ಲದೆ ಈ ಕೆಂಡವನ್ನು ಹೊತ್ತಿಸಿದವರು ಯಾರು?

ಸಹಜವೆಂಬ ರಕ್ಷಣೆ

'ಸಹ' ಎಂದರೆ ಕೂಡ, 'ಜ' ಎಂದರೆ ಹುಟ್ಟಿದುದು. ಹುಟ್ಟುವಾಗಲೇ ಜೊತೆಯಲ್ಲಿ ಬಂದುದು ಸಹಜ. ನಮ್ಮ ದೇಹದ ರೋಗನಿರೋಧ ವ್ಯವಸ್ಥೆಯಲ್ಲಿ ಎರಡು ಭಾಗಗಳಿವೆ. ಸಿಡುಬು, ದಡಾರಗಳಂತಹ ರೋಗವನ್ನು ಒಮ್ಮೆ ಕಂಡು ನೆನಪಿಟ್ಟುಕೊಳ್ಳುವ ಆರ್ಜಿತ ರಕ್ಷಣೆ ಒಂದು. ಯಾರೂ ಕಲಿಸದೆ ಹುಟ್ಟಿನಿಂದಲೇ ಇರುವ ಸಹಜ ರಕ್ಷಣೆ ಮತ್ತೊಂದು. ಆರ್ಜಿತವು ವಿದ್ಯೆಯಂತೆ, ಸಹಜವು ಸ್ವಭಾವದಂತೆ. ರಷ್ಯಾದ ಎಲೀ ಮೆಚ್ನಿಕಾಫನು ೧೮೮೨ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಮುಳ್ಳು ಚುಚ್ಚಿ, ಅಲೆದಾಡುವ ಕೋಶಗಳು ಆ ಮುಳ್ಳನ್ನು ಬಂದು ಮುತ್ತುವುದನ್ನು ಕಂಡನು. ಸಹಜ ರಕ್ಷಣೆಯ ಅಧ್ಯಯನ ಅಲ್ಲಿಂದ ಮೊದಲಾಯಿತೆನ್ನಬಹುದು. ಅವನಿಗೆ ೧೯೦೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಆ ಕೋಶಗಳಿಗೆ ಅಪಾಯದ ಅರಿವು ಹೇಗಾಗುತ್ತದೆ? ಈ ಪ್ರಶ್ನೆಗೆ ಉತ್ತರ ಬಂದದ್ದು ಹಣ್ಣಿನ ನೊಣದಿಂದ. ಜರ್ಮನಿಯಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್ಹಾರ್ಡ್ ಮತ್ತು ಸಂಗಡಿಗರು ೧೯೮೫ರಲ್ಲಿ ನೊಣದ ಭ್ರೂಣದ ಬೆನ್ನು ಹೊಟ್ಟೆಗಳ ವ್ಯವಸ್ಥೆಯನ್ನು ನಿರ್ಧರಿಸುವ ಒಂದು ಜೀನನ್ನು ವಿವರಿಸಿದರು. ಅದರ ಹೆಸರು ಟೋಲ್. ಜರ್ಮನ್ ಭಾಷೆಯಲ್ಲಿ ಅದು 'ಭಲೇ' ಎಂಬಂತಹ ಉದ್ಗಾರ. ಅಮೆರಿಕದ ಚಾರ್ಲ್ಸ್ ಜೇನ್‌ವೇ ೧೯೮೯ರಲ್ಲಿಯೇ ಬೇರೊಂದು ಮಾತು ಹೇಳಿದ್ದರು. ಕ್ರಿಮಿಗಳಲ್ಲಿ ಸಾಮಾನ್ಯವಾಗಿರುವ ಕೆಲವು ಲಕ್ಷಣಗಳನ್ನು ಗುರುತಿಸುವ ಗ್ರಾಹಕಗಳು ಸಹಜ ರಕ್ಷಣೆಯಲ್ಲಿ ಇರಲೇಬೇಕೆಂದು ಅವರ ಊಹೆ. ೧೯೯೬ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಅವರ ಪ್ರಯೋಗಶಾಲೆಯು ಟೋಲ್ ಕೆಟ್ಟ ನೊಣಗಳು ಬೂಷ್ಟಿನ ಸೋಂಕನ್ನು ತಡೆಯಲಾರದೆ ಸಾಯುವುದನ್ನು ತೋರಿಸಿತು. ಮರುವರ್ಷ ಜೇನ್‌ವೇ ಮತ್ತು ರುಸ್ಲಾನ್ ಮೆಡ್ಜಿಟಾವ್ ಮನುಷ್ಯರಲ್ಲಿಯೂ ಟೋಲ್ ಹೋಲುವ ಗ್ರಾಹಕವನ್ನು ಕಂಡರು. ೧೯೯೮ರಲ್ಲಿ ಬ್ರೂಸ್ ಬ್ಯೂಟ್ಲರ್ ತಂಡವು ಬ್ಯಾಕ್ಟೀರಿಯಾದ ಹೊದಿಕೆಯ ವಿಷವನ್ನು ಗುರುತಿಸುವುದು ನಾಲ್ಕನೆಯ ಟೋಲ್ ಸದೃಶ ಗ್ರಾಹಕವೆಂದು ಇಲಿಗಳಲ್ಲಿ ಸಿದ್ಧಪಡಿಸಿತು. ಹಾಫ್‌ಮನ್ ಮತ್ತು ಬ್ಯೂಟ್ಲರ್ ಅವರು ೨೦೧೧ರ ನೊಬೆಲ್ ಪಾರಿತೋಷಕವನ್ನು ರಾಲ್ಫ್ ಸ್ಟೈನ್‌ಮನ್ ಅವರೊಡನೆ ಹಂಚಿಕೊಂಡರು. ಮನುಷ್ಯರಲ್ಲಿ ಇಂತಹ ಹತ್ತು ಟೋಲ್ ಸದೃಶ ಗ್ರಾಹಕಗಳಿವೆ.

ಗ್ರಾಹಕವೆಂದರೆ ಹಿಡಿಯುವುದು ಎಂದರ್ಥ. ಕೋಶದ ಹೊರಮೈಯಲ್ಲಿ ಅಥವಾ ಒಳಕೋಣೆಯಲ್ಲಿ ನಿಂತು, ತನಗೆ ಹೊಂದುವ ಅಣು ಬಂದಾಗ ಹಿಡಿದು, ಆ ವಾರ್ತೆಯನ್ನು ಕೋಶಕೇಂದ್ರಕ್ಕೆ ಮುಟ್ಟಿಸುವ ಕಾವಲುಗಾರ ಅದು. ಕ್ರಿಮಿಯನ್ನು ಹಿಡಿಯುವ ಈ ಕಾವಲುಗಾರನಿಗೆ ಕ್ರಿಮಿಯೇ ಇಲ್ಲದ ಮಂಡಿಯಲ್ಲಿ ಏನು ಕೆಲಸ? ಪಾಲಿ ಮ್ಯಾಟ್ಜಿಂಗರ್ ಎಂಬ ವಿದುಷಿ ೧೯೯೪ರಲ್ಲಿ ಮಂಡಿಸಿದ ವಿಚಾರ ಇಲ್ಲಿ ನೆರವಾಗುತ್ತದೆ. ದೇಹವು 'ತನ್ನದು', 'ಪರರದು' ಎಂಬ ಭೇದವನ್ನು ಮಾತ್ರ ನೋಡುವುದಿಲ್ಲ, 'ಹಾನಿಯಾಗಿದೆಯೇ' ಎಂಬುದನ್ನೂ ನೋಡುತ್ತದೆ ಎಂದು ಆಕೆ ಹೇಳಿದರು. ನಮ್ಮ ಕರಾವಳಿಯ ಹಂಚಿನ ಮನೆಯ ನಾಯಿಯನ್ನು ನೆನೆಯಿರಿ. ಕಳ್ಳ ಬಂದಾಗ ಅದು ಬೊಗಳುತ್ತದೆ. ಗಾಳಿಗೆ ಹಂಚೊಂದು ಜಾರಿ ಅಂಗಳದಲ್ಲಿ ಒಡೆದರೂ ಬೊಗಳುತ್ತದೆ. ಮನೆಯೊಳಗಿನ ವಸ್ತುವೇ ಇರಬೇಕಾದ ಜಾಗದಲ್ಲಿ ಇಲ್ಲದೆ ಚೂರಾಗಿ ಬಿದ್ದಿದ್ದರೆ ಅದೂ ಅಪಾಯದ ಸೂಚನೆಯೇ.

ಮಂಡಿಯೊಳಗಣ ವಿಷಚಕ್ರ

ಈಗ ಮಂಡಿಯೊಳಗೆ ನಡೆಯುವುದನ್ನು ಕ್ರಮವಾಗಿ ನೋಡೋಣ. ಹಿಂದೆ ಬಿದ್ದ ಪೆಟ್ಟು, ಹರಿದ ಸ್ನಾಯುರಜ್ಜು, ಅತಿಭಾರ, ವಯೋಧರ್ಮ, ಇವುಗಳಲ್ಲಿ ಯಾವುದರಿಂದಲೋ ಮೃದ್ವಸ್ಥಿಯ ಬಲೆ ಅಲ್ಪಸ್ವಲ್ಪ ಹರಿಯುತ್ತದೆ. ಅಗ್ರಿಕಾನ್, ಫೈಬ್ರೊನೆಕ್ಟಿನ್, ಬಿಗ್ಲಿಕಾನ್ ಮುಂತಾದ ಅಣುಗಳ ಚೂರುಗಳು ಕೀಲಿನ ದ್ರವಕ್ಕೆ ಬೀಳುತ್ತವೆ. ಆ ದ್ರವಕ್ಕೆ ಜಾರುವ ಗುಣವನ್ನು ಕೊಡುವ ಹಯಲುರೊನಾನ್ ಎಂಬ ಉದ್ದನೆಯ ಅಣುವೂ ತುಂಡಾಗುತ್ತದೆ. ಉದ್ದವಾಗಿದ್ದಾಗ ಕೀಲನ್ನು ಶಾಂತವಾಗಿಡುವ ಅದೇ ವಸ್ತು ತುಂಡಾದಾಗ ಗ್ರಾಹಕಗಳನ್ನು ಕೆರಳಿಸಬಲ್ಲದು. ನೊಂದ ಕೋಶಗಳಿಂದ ಎಸ್‌೧೦೦ ಎಂಬ ವರ್ಗದ ಪ್ರೋಟೀನುಗಳೂ, ಕೋಶಕೇಂದ್ರದಲ್ಲಿ ಇರಬೇಕಾದ ಎಚ್‌ಎಂಜಿಬಿ೧ ಎಂಬ ಪ್ರೋಟೀನೂ ಹೊರಬರುತ್ತವೆ. ಇವೆಲ್ಲ ಅಂಗಳಕ್ಕೆ ಬಿದ್ದ ಹಂಚಿನ ಚೂರುಗಳು.

ಕೀಲಿನ ಪೊರೆಯಲ್ಲಿರುವ ಭಕ್ಷಕಕೋಶಗಳು, ನಾರುಕೋಶಗಳು, ಕಾಂಡ್ರೋಸೈಟುಗಳು, ಈ ಮೂರರ ಮೈಮೇಲೂ ಎರಡನೆಯ ಮತ್ತು ನಾಲ್ಕನೆಯ ಟೋಲ್ ಸದೃಶ ಗ್ರಾಹಕಗಳಿವೆ. ಚೂರುಗಳನ್ನು ಅವು ಹಿಡಿದೊಡನೆ ಕೋಶದೊಳಗೆ ಸರಪಣಿಯಂತೆ ಸಂದೇಶ ಸಾಗಿ, ಎನ್‌ಎಫ್ ಕಪ್ಪಾ ಬಿ ಎಂಬ ಅಧಿಕಾರಿ ಕೋಶಕೇಂದ್ರವನ್ನು ಹೊಕ್ಕು ಅನೇಕ ಜೀನುಗಳನ್ನು ಎಚ್ಚರಿಸುತ್ತದೆ. ಫಲವಾಗಿ ಇಂಟರ್‌ಲ್ಯೂಕಿನ್ ೧, ಇಂಟರ್‌ಲ್ಯೂಕಿನ್ ೬ ಮೊದಲಾದ ಉರಿಯೂತದ ದೂತರು ಹೊರಡುತ್ತಾರೆ. ಅವರೊಡನೆ ಕತ್ತರಿಗಳೂ ತಯಾರಾಗುತ್ತವೆ. ಎಂಎಂಪಿ ೧೩ ಎಂಬ ಕಿಣ್ವ ಕೊಲಾಜೆನನ್ನು ಕತ್ತರಿಸುತ್ತದೆ. ಅಡಾಮ್‌ಟಿಎಸ್ ೪ ಮತ್ತು ೫ ಎಂಬವು ಅಗ್ರಿಕಾನನ್ನು ಕತ್ತರಿಸುತ್ತವೆ. ಕತ್ತರಿಸಿದೆಡೆಯಿಂದ ಮತ್ತೆ ಚೂರುಗಳು, ಮತ್ತೆ ಕಾವಲುಗಾರನ ಕೂಗು, ಮತ್ತೆ ಕತ್ತರಿ. ಹಂಚು ಒಡೆದುದಕ್ಕೆ ಬೊಗಳಿದ ನಾಯಿ ಗಾಬರಿಯಿಂದ ಓಡಾಡಿ ಒಳಗಿನ ಮಡಕೆಗಳನ್ನು ಉರುಳಿಸಿ, ಆ ಶಬ್ದಕ್ಕೆ ಮತ್ತಷ್ಟು ಬೊಗಳಿದಂತಾಯಿತು. ಮೊದಲನೆಯ ಹಾನಿ ಸವೆತದಿಂದಲೇ ಆಗಿರಬಹುದು. ಮುಂದಿನದನ್ನು ಮಾಡುವುದು ಈ ಚಕ್ರ.

ಟೋಲ್ ಸದೃಶ ಗ್ರಾಹಕಗಳಲ್ಲದೆ ಬೇರೆ ಕಾವಲುಗಾರರೂ ಇದ್ದಾರೆ. ವಯಸ್ಸಾದಂತೆ, ಮಧುಮೇಹದಲ್ಲಿ ಇನ್ನೂ ಬೇಗನೆ, ಸಕ್ಕರೆ ಅಂಟಿ ಬಿರುಸಾದ ಪ್ರೋಟೀನುಗಳು ಮೃದ್ವಸ್ಥಿಯಲ್ಲಿ ಕೂಡಿಕೊಳ್ಳುತ್ತವೆ. ಅವನ್ನು ಹಿಡಿಯುವ ಗ್ರಾಹಕಕ್ಕೆ ರೇಜ್ ಎಂದು ಹೆಸರು. ಕೋಶದ ಒಳಗೆ ಎನ್‌ಎಲ್‌ಆರ್‌ಪಿ೩ ಎಂಬ ಮತ್ತೊಂದು ಕಾವಲು. ಸ್ವಿಟ್ಜರ್ಲೆಂಡಿನ ಯೂರ್ಗ್ ಚೋಪ್ ಅವರ ತಂಡವು ೨೦೦೬ರಲ್ಲಿ ಯೂರಿಕ್ ಆಮ್ಲದ ಹರಳುಗಳು ಇದನ್ನು ಕೆರಳಿಸುವುದನ್ನು ತೋರಿಸಿ ಗೌಟ್ ಎಂಬ ವಾತರಕ್ತದ ಗುಟ್ಟನ್ನು ಬಿಡಿಸಿತು. ಅಸ್ಥಿಸಂಧಿವಾತ ಬಲಿತ ಕೀಲುಗಳ ಮೃದ್ವಸ್ಥಿಯಲ್ಲಿಯೂ ಸುಣ್ಣದ ಹರಳುಗಳು ಬಹಳ ಸಾಮಾನ್ಯ. ಮತ್ತೊಂದು ವಿಷಯ ನೋವಿನದು. ನೋವನ್ನು ಹೊತ್ತೊಯ್ಯುವ ನರಕೋಶಗಳ ಮೇಲೆಯೂ ಇಂತಹ ಗ್ರಾಹಕಗಳಿವೆ. ಚಿತ್ರದಲ್ಲಿ ಕೀಲು ಅಷ್ಟೇನೂ ಕೆಟ್ಟಿಲ್ಲದವರು ಬಹಳ ನೋಯುವುದಕ್ಕೂ, ಕೆಟ್ಟ ಕೀಲಿನವರು ಸುಖವಾಗಿ ನಡೆಯುವುದಕ್ಕೂ ಕಾರಣದ ಒಂದಂಶ ಇಲ್ಲಿರಬಹುದು.

ಇಷ್ಟಾದರೂ ಎಲ್ಲವೂ ಸಿದ್ಧವಾಯಿತೆಂದು ಹೇಳುವುದು ಸತ್ಯಕ್ಕೆ ದೂರ. ಟೋಲ್ ಸದೃಶ ಗ್ರಾಹಕಗಳನ್ನೋ ಅವುಗಳ ಸಂದೇಶವಾಹಕವನ್ನೋ ಇಲ್ಲವಾಗಿಸಿದ ಇಲಿಗಳ ಮಂಡಿಯನ್ನು ಶಸ್ತ್ರದಿಂದ ಅಸ್ಥಿರಗೊಳಿಸಿದಾಗ, ಮೃದ್ವಸ್ಥಿ ಎಂದಿನಂತೆಯೇ ಕೆಟ್ಟ ಪ್ರಯೋಗಗಳೂ ವರದಿಯಾಗಿವೆ. ಒಬ್ಬ ಕಾವಲುಗಾರನನ್ನು ತೆಗೆದರೆ ಇನ್ನೊಬ್ಬ ಕೂಗುತ್ತಾನೆಂದೋ, ಪೆಟ್ಟಿನಿಂದ ಬಂದ ಬೇನೆಯ ದಾರಿಯೇ ಬೇರೆಯೆಂದೋ ಅರ್ಥೈಸಬೇಕಾಗಿದೆ.

ಮಲೆನಾಡಿನ ಒಂದು ಪಾಠ

ಕೀಲುಬೇನೆಯ ಮಾತು ಬಂದಾಗ ನಮ್ಮ ನಾಡಿನವರು ಮರೆಯಬಾರದ ಊರೊಂದಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು. ೧೯೭೦ರ ದಶಕದ ನಡುವಿನಲ್ಲಿ ಅಲ್ಲಿಯ ಬಡ ಕೃಷಿಕಾರ್ಮಿಕ ಕುಟುಂಬಗಳಲ್ಲಿ, ಎಳೆಯರೂ ನಡುವಯಸ್ಸಿನವರೂ ಸೊಂಟ ಮಂಡಿಗಳ ಬೇನೆಯಿಂದ ಬಾಗಿ, ಕೋಲೂರಿ, ಕೊನೆಗೆ ತೆವಳುವಂತಾದುದು ಬೆಳಕಿಗೆ ಬಂದಿತು. ೧೯೭೭ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿದ್ವಾಂಸರು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರ್ಣಿಸಿದರು. ಗದ್ದೆಗೆ ಸಿಂಪಡಿಸಿದ ಕೀಟನಾಶಕವು ಏಡಿ ಮೀನುಗಳ ಮೂಲಕ ದೇಹವನ್ನು ಸೇರಿತೆಂಬ ಶಂಕೆಯೂ ಆಗ ಪ್ರಬಲವಾಗಿತ್ತು. ಮುಂದಿನ ಅಧ್ಯಯನಗಳು ಇದು ವಂಶವಾಹಿನಿಯಲ್ಲಿ ಬರುವ, ಬೆನ್ನೆಲುಬು ಮತ್ತು ಉದ್ದಮೂಳೆಗಳ ತುದಿಯ ಬೆಳವಣಿಗೆಯ ದೋಷವೆಂದು ತೋರಿಸಿದವು.

ಹಂದಿಗೋಡಿನ ಬೇನೆಯೂ ನಮ್ಮ ಮನೆಯ ಹಿರಿಯರ ಮಂಡಿನೋವೂ ಒಂದೇ ಅಲ್ಲ, ಮೂಲ ಬೇರೆ. ಆದರೆ ಕೀಲಿನ ಕೊನೆಯ ಅವಸ್ಥೆ ಒಂದೇ ಬಗೆಯದು. ಹಲವು ತೊರೆಗಳು ಒಂದೇ ಹೊಳೆಗೆ ಬಂದು ಬೀಳುವಂತೆ ವಂಶದೋಷ, ಪೆಟ್ಟು, ಭಾರ, ವಯಸ್ಸು ಇವೆಲ್ಲ ಕೊನೆಗೆ ಕೀಲಿನ ನಾಶದ ಒಂದೇ ಪ್ರವಾಹವನ್ನು ಸೇರುತ್ತವೆ. ಇನ್ನೊಂದು ಪಾಠವೂ ಇದೆ. 'ಇದು ನಿಮ್ಮ ಹಣೆಬರಹ' ಎಂದು ಹೇಳಿ ಸುಮ್ಮನಾಗದೆ ಕಾರಣವನ್ನು ಕೇಳುವವರು ಬಂದುದರಿಂದಲೇ ಆ ಜನರ ಸಂಕಟ ನಾಡಿಗೆ ತಿಳಿಯಿತು.

ಔಷಧದ ಅನ್ವೇಷಣೆ

ಕಾವಲುಗಾರನ ಕೂಗೇ ಕಾರಣವಾದರೆ ಅವನ ಬಾಯಿ ಕಟ್ಟಿದರಾಯಿತಲ್ಲವೇ ಎಂದು ಯಾರಿಗಾದರೂ ತೋರುತ್ತದೆ. ವೈದ್ಯವಿಜ್ಞಾನಿಗಳೂ ಹಾಗೆಯೇ ಯತ್ನಿಸಿದರು. ಇಂಟರ್‌ಲ್ಯೂಕಿನ್ ೧ನ್ನು ತಡೆಯುವ ಅನಕಿನ್ರಾ ಎಂಬ ಔಷಧವನ್ನು ಮಂಡಿಗೆ ಚುಚ್ಚಿ ನೋಡಿದ ಪರೀಕ್ಷೆಯ ಫಲ ೨೦೦೯ರಲ್ಲಿ ಪ್ರಕಟವಾಯಿತು. ಹುಸಿ ಔಷಧಕ್ಕಿಂತ ಮೇಲೆನಿಸಲಿಲ್ಲ. ಕೆಲವು ಟೋಲ್ ಸದೃಶ ಗ್ರಾಹಕಗಳನ್ನು ತಗ್ಗಿಸುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಕೈಬೆರಳಿನ ಅಸ್ಥಿಸಂಧಿವಾತದಲ್ಲಿ ಪರೀಕ್ಷಿಸಿದ ೨೦೧೮ರ ವರದಿಯೂ ನಿರಾಶೆಯದೇ. ಆದರೆ ೨೦೨೦ರಲ್ಲಿ ಒಂದು ಅನಿರೀಕ್ಷಿತ ವಾರ್ತೆ ಬಂದಿತು. ಹೃದಯಾಘಾತವಾದ ೧೦,೦೬೧ ಮಂದಿಯಲ್ಲಿ ಕನಕಿನುಮಾಬ್ ಎಂಬ ಇಂಟರ್‌ಲ್ಯೂಕಿನ್ ೧ ನಿರೋಧಕವನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನವನ್ನು ಮತ್ತೆ ಶೋಧಿಸಿದಾಗ, ಔಷಧ ಪಡೆದವರಲ್ಲಿ ಸೊಂಟ ಮಂಡಿಗಳ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಸುಮಾರು ಶೇಕಡಾ ೪೦ರಷ್ಟು ಕಡಿಮೆಯಾಗಿತ್ತು. ಅದು ಹೃದಯಕ್ಕಾಗಿ ಮಾಡಿದ ಪರೀಕ್ಷೆಯಾದುದರಿಂದ ಇದನ್ನು ಸೂಚನೆಯೆಂದು ಎಣಿಸಬೇಕೇ ಹೊರತು ಸಿದ್ಧಾಂತವೆಂದಲ್ಲ. ಅದೇ ಅಧ್ಯಯನದಲ್ಲಿ ಔಷಧ ಪಡೆದವರಿಗೆ ಮಾರಕವಾದ ಸೋಂಕುಗಳು ಹೆಚ್ಚು ತಗುಲಿದವು. ಬೊಗಳುವ ನಾಯಿಯನ್ನು ಕೊಂದರೆ ಕಳ್ಳನಿಗೆ ಬಾಗಿಲು ತೆರೆದಂತೆ. ಕಾವಲನ್ನು ಉಳಿಸಿಕೊಂಡು ಗಾಬರಿಯನ್ನು ಮಾತ್ರ ತಗ್ಗಿಸುವ ಮಾರ್ಗವನ್ನು ವಿಜ್ಞಾನಿಗಳು ಇನ್ನೂ ಅರಸುತ್ತಿದ್ದಾರೆ.

೨೦೨೦ರಲ್ಲಿ ಲೋಕದಲ್ಲಿ ಸುಮಾರು ೫೯.೫ ಕೋಟಿ ಜನ ಈ ಬೇನೆಯಿಂದ ನರಳುತ್ತಿದ್ದರೆಂದು ಅಂದಾಜು. ಆದುದರಿಂದ ಈ ಅನ್ವೇಷಣೆ ಸಣ್ಣದಲ್ಲ.

ನಾವು ಮಾಡಬಹುದಾದುದು

ಹೊಸ ಔಷಧ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ವಿಷಚಕ್ರಕ್ಕೆ ಮೊದಲ ಚೂರುಗಳು ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ೨೦೦೫ರ ಅಧ್ಯಯನವೊಂದು ಅಳೆದು ತೋರಿಸಿತು. ಭಾರದ ಜೊತೆಗೆ ಕೊಬ್ಬಿನಿಂದ ಹೊರಡುವ ಉರಿಯೂತದ ದೂತರೂ ಕಡಿಮೆಯಾಗುತ್ತಾರೆ. ಒಂದು ಕಾರ್ಯದಿಂದ ಎರಡು ಫಲ. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ ಮತ್ತು ಸಮತಟ್ಟಾದ ನೆಲದಲ್ಲಿ ನಿತ್ಯದ ನಡಿಗೆ, ಇವು ನೋವನ್ನು ತಗ್ಗಿಸುತ್ತವೆಂಬುದು ಮತ್ತೆ ಮತ್ತೆ ದೃಢಪಟ್ಟಿದೆ. ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರವಾಗಿ ಎತ್ತಿ ಹಿಡಿದು ಇಳಿಸುವುದಕ್ಕೆ ಹಣವೂ ಬೇಡ, ಉಪಕರಣವೂ ಬೇಡ. ಆಟದಲ್ಲಿ ಮಂಡಿ ಉಳುಕಿದ ಬಾಲಕನನ್ನು 'ಗಂಡುಮಗ, ಸಹಿಸಿಕೋ' ಎಂದು ಮತ್ತೆ ಮೈದಾನಕ್ಕೆ ಇಳಿಸಬಾರದು. ಇಂದು ಹರಿದ ರಜ್ಜು ಇಪ್ಪತ್ತು ವರ್ಷದ ಮೇಲೆ ಸಾಲ ವಸೂಲಿಗೆ ಬರುತ್ತದೆ. ನಮ್ಮ ವ್ಯಾಯಾಮ ಶಿಕ್ಷಕರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥನೆ.

ಎಚ್ಚರಿಕೆಯ ಮಾತುಗಳೂ ಎರಡಿವೆ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ, ಒಂದೇ ದಿನದಲ್ಲಿ ನೋವು ಮಾಯಮಾಡುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಅವು ಮೂಳೆಯನ್ನು ಟೊಳ್ಳುಮಾಡಿ ಮಧುಮೇಹವನ್ನು ಕೆರಳಿಸುತ್ತವೆ. ನೋವು ನಿವಾರಕ ಮಾತ್ರೆಗಳನ್ನು ತಾವಾಗಿಯೇ ದೀರ್ಘಕಾಲ ನುಂಗುವುದು ಮೂತ್ರಪಿಂಡಕ್ಕೂ ಜಠರಕ್ಕೂ ಹಾನಿ. ಕೀಲು ಹಠಾತ್ತಾಗಿ ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೆ ಅದು ಈ ಬೇನೆಯಲ್ಲ, ಸೋಂಕಿರಬಹುದು. ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಬೆಳಗ್ಗೆ ಎದ್ದಾಗ ಬೆರಳುಗಳು ಗಂಟೆಗಟ್ಟಲೆ ಬಿಗಿದಿದ್ದರೆ ಅದು ರುಮಟಾಯ್ಡ್ ಬೇನೆಯಾಗಿರಬಹುದು. ಅದಕ್ಕೆ ಚಿಕಿತ್ಸೆ ಬೇರೆ, ತಡಮಾಡಬಾರದು.

ಉಪಸಂಹಾರ

ದೇಹವನ್ನು ತುಚ್ಛವೆಂದು ಬಗೆಯದೆ ಕಾಯಕದ ಸಾಧನವೆಂದು ಗೌರವಿಸಿದ ಶರಣರ ಪರಂಪರೆ ನಮ್ಮದು. ಕಾಯಕದಿಂದ ಬಾಗಿದ ಮಂಡಿಯನ್ನು 'ಸವೆದುಹೋಯಿತು' ಎಂದು ಕೈಬಿಡುವುದು ಆ ಪರಂಪರೆಗೆ ಒಪ್ಪುವುದಿಲ್ಲ. ಸವೆದ ವಸ್ತುವನ್ನು ಮೂಲೆಗೆ ಇಡುತ್ತೇವೆ. ಉರಿಯುವುದನ್ನು ಆರಿಸಲು ಯತ್ನಿಸುತ್ತೇವೆ. ಒಂದು ಪದ ಬದಲಾದರೆ ಮನಸ್ಸಿನ ನಿಲುವು ಬದಲಾಗುತ್ತದೆ, ನಿಲುವು ಬದಲಾದರೆ ನಡೆಯೂ ಬದಲಾಗುತ್ತದೆ. ಆದುದರಿಂದ ನಮ್ಮ ಶಿಕ್ಷಕಮಿತ್ರರು ಆರೋಗ್ಯದ ಪಾಠವನ್ನು ಹೇಳುವಾಗ 'ಸವೆತ' ಎಂಬುದರ ಜೊತೆಗೆ 'ಉರಿಯೂತ' ಎಂಬುದನ್ನೂ ಹೇಳಿಕೊಡಲಿ. ಊರೂರುಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳು ಮನೆಯ ಹಿರಿಯರನ್ನು ಕೈಹಿಡಿದು ನಾಲ್ಕು ಹೆಜ್ಜೆ ನಡೆಸಲಿ.

ದಾನಿಗಳಲ್ಲಿ ನನ್ನದೊಂದು ಸಣ್ಣ ಬಿನ್ನಹ. ದಾಸೋಹದ ಮಂದಿರದಲ್ಲಿ ಪಂಕ್ತಿಯ ಒಂದು ಬದಿಗೆ ಗೋಡೆಯುದ್ದಕ್ಕೂ ಕಲ್ಲಿನ ಎತ್ತರದ ಆಸನವನ್ನೂ, ಅದರ ಮುಂದೆ ಹಲಗೆಯನ್ನೂ ಮಾಡಿಸಿದರೆ ನೆಲದಲ್ಲಿ ಕೂರಲಾರದ ಹಿರಿಯರು ಸಂಕೋಚವಿಲ್ಲದೆ ಬಂದು ಪ್ರಸಾದ ಸ್ವೀಕರಿಸಬಹುದು. ಹಾಗೆ ಬರಬೇಕಾಗಿದ್ದ ಒಬ್ಬರು ನನ್ನ ಅಜ್ಞಾನದಿಂದ ಬಾರದೆ ಹೋದರು. ಇನ್ನು ಮುಂದೆ ಬರುವವರಿಗಾದರೂ ಅಲ್ಲಿ ಸ್ಥಳವಿರಲಿ.